ಓದುಗರ ಪ್ರಶ್ನೆ, ನಮ್ಮ ಉತ್ತರ: ಟೀ ಗಟ್ಟಿಯಾಗಬೇಕು, ಒಗರಾಗಬಾರದು

ಟೀ, ಕಾಫಿ ಯಾರಿಗೆ ಹೇಗೆ ಸೇರುತ್ತದೋ ಹಾಗೆ ಕುಡಿಯಬೇಕು. ಇದರಲ್ಲಿ ಒಬ್ಬರ ನಾಲಿಗೆಗೆ ಇನ್ನೊಬ್ಬರು ಕಟ್ಟಳೆ ಹಾಕುವಂತಿಲ್ಲ. ಆದರೆ ನಿಮಗೆ ಒಗ್ಗುವ ರುಚಿ ದಿನವೂ ಅದೇ ಹದದಲ್ಲಿ ಬರಬೇಕೆಂದರೆ, ಏನು ಮಾಡಿದರೆ ಏನಾಗುತ್ತದೆ ಎಂಬುದು ಗೊತ್ತಿರಬೇಕು. ಈ ಸಲ ಬಂದ ಪ್ರಶ್ನೆಗಳೆಲ್ಲ ಅದರ ಸುತ್ತಲೇ ಇವೆ.

ಪ್ರಶ್ನೆ: ನನಗೆ ಟೀ ಗಟ್ಟಿಯಾಗಿರಬೇಕು. ಜಾಸ್ತಿ ಹೊತ್ತು ಕುದಿಸಿದರೆ ಗಂಟಲು ಹಿಡಿಯುವಷ್ಟು ಒಗರು, ಬೇಗ ಇಳಿಸಿದರೆ ಸಪ್ಪೆ. ಎಷ್ಟು ನಿಮಿಷ ಕುದಿಸಬೇಕು?

ನಿಮಿಷ ಹೆಚ್ಚಿಸಬೇಡಿ, ಪುಡಿ ಹೆಚ್ಚಿಸಿ. ಟೀ ಬಗ್ಗೆ ಬರುವ ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಈ ಒಂದು ಮಾತೇ ಪರಿಹಾರ. ಬಿಸಿ ನೀರಿಗೆ ಬಿದ್ದ ಕೂಡಲೇ ಪುಡಿ ಬಣ್ಣ, ಘಮ ಮತ್ತು ಕೆಫೀನನ್ನು ಬೇಗ ಬಿಟ್ಟುಕೊಡುತ್ತದೆ. ಒಗರು ಕೊಡುವ ಪಾಲಿಫಿನಾಲ್‌ಗಳು ನಿಧಾನವಾಗಿ, ಹೊತ್ತು ಕಳೆದಂತೆ ಹೆಚ್ಚು ಹೆಚ್ಚಾಗಿ ಇಳಿಯುತ್ತವೆ. ಐದಾರು ನಿಮಿಷದ ನಂತರ ನೀವು ಕುದಿಸಿ ಪಡೆಯುವುದು ಬಹುತೇಕ ಒಗರನ್ನೇ. ಅಷ್ಟು ಹೊತ್ತಿಗೆ ಘಮವೆಲ್ಲ ಹಬೆಯ ಜೊತೆ ಹೊರಟುಹೋಗಿರುತ್ತದೆ.

ಹಾಲಿಲ್ಲದ ಟೀಗೆ 200 ಮಿ.ಲೀ. ನೀರಿಗೆ 2.5 ಗ್ರಾಂ ಪುಡಿ, 3 ನಿಮಿಷ. ಗಟ್ಟಿ ಬೇಕಾದವರು 4 ಗ್ರಾಂ ಹಾಕಿ, ಆದರೆ ಹೊತ್ತು 3 ನಿಮಿಷವೇ ಇರಲಿ. ನೀರು ಚೆನ್ನಾಗಿ ಮರಳಿದ ಮೇಲೆ ಒಲೆ ಆರಿಸಿ, ಪುಡಿ ಹಾಕಿ, ಮುಚ್ಚಳ ಮುಚ್ಚಿಡಿ.

ಹಾಲಿನ ಟೀ ಎರಡು ಲೋಟಕ್ಕೆ 200 ಮಿ.ಲೀ. ನೀರು, 130 ಮಿ.ಲೀ. ಹಾಲು, 6 ಗ್ರಾಂ ಪುಡಿ. ಪುಡಿಯನ್ನು ನೀರಲ್ಲೇ ಸಣ್ಣ ಉರಿಯಲ್ಲಿ 2 ನಿಮಿಷ ಕುದಿಸಿ. ಹಾಲಲ್ಲಿ ಪುಡಿ ನೀರಿನಷ್ಟು ಚೆನ್ನಾಗಿ ಬಿಡುವುದಿಲ್ಲ. ಆಮೇಲೆ ಕಾಯಿಸಿದ ಹಾಲು ಸುರಿದು, ಒಂದು ಉಕ್ಕು ಬರುತ್ತಿದ್ದಂತೆ ಇಳಿಸಿ, ಒಂದು ನಿಮಿಷ ಮುಚ್ಚಿಟ್ಟು ಸೋಸಿ. ಸೋಸುವಾಗ ಚರಟವನ್ನು ಚಮಚದಿಂದ ಒತ್ತಿ ಹಿಂಡಬೇಡಿ. ಕೊನೆಯ ಆ ನಾಲ್ಕು ಹನಿಯಲ್ಲಿ ಇರುವುದು ಒಗರೇ. ಟೀ ಬ್ಯಾಗ್‌ಗೂ ಇದೇ ಮಾತು.

ಇನ್ನೊಂದು ಗಮನಿಸಬೇಕಾದದ್ದು ಚಮಚದ ಲೆಕ್ಕ. ಹರಳು ಹರಳಾದ ಪುಡಿ ಒಂದು ಸಮ ಟೀ ಚಮಚ ತುಂಬಿದರೆ ಎರಡೂವರೆ ಗ್ರಾಂ ದಾಟಬಹುದು. ಉದ್ದ ಎಲೆಯ ಟೀ ಅದೇ ಚಮಚದಲ್ಲಿ ಅದರ ಅರ್ಧದಷ್ಟೇ ತೂಗುತ್ತದೆ. ಬ್ರ್ಯಾಂಡ್ ಬದಲಿಸಿದಾಗ ‘ಈ ಟೀ ಸಪ್ಪೆ’ ಅನ್ನಿಸುವುದು ಹೆಚ್ಚಾಗಿ ಇದರಿಂದಲೇ. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ಒಮ್ಮೆ ತೂಗಿ, ನಿಮ್ಮ ಚಮಚಕ್ಕೆ ಎಷ್ಟು ಎಂದು ಡಬ್ಬದ ಮೇಲೆ ಬರೆದಿಡಿ.

ಟೀ ರುಚಿ ನೋಡುವ ವೃತ್ತಿಯವರಿಗೆಂದು ಐಎಸ್‌ಒ 3103 ಎಂಬ ಮಾನದಂಡವಿದೆ. ಅದರ ಪ್ರಕಾರ 100 ಮಿ.ಲೀ.ಗೆ 2 ಗ್ರಾಂ, 6 ನಿಮಿಷ. ಕೆಲವರು ಅದನ್ನೇ ಮನೆಯಲ್ಲೂ ಪಾಲಿಸಲು ಹೋಗುತ್ತಾರೆ. ಬೇಡ. ಬೇರೆ ಬೇರೆ ಟೀಗಳನ್ನು ಒಂದೇ ರೀತಿ ಮಾಡಿ ಗುಣದೋಷ ಹೋಲಿಸುವುದಕ್ಕಾಗಿ ಇಟ್ಟುಕೊಂಡ ಅಳತೆ ಅದು.

ಪ್ರಶ್ನೆ: ಶುಂಠಿ ಹಾಕಿದಾಗಲೆಲ್ಲ ಟೀ ಒಡೆಯುತ್ತದೆ. ಹಾಲು ತಾಜಾ ಇದ್ದರೂ ಹೀಗೇಕೆ?

ತಪ್ಪು ಹಾಲಿನದಲ್ಲ, ಹಾಕುವ ಕ್ರಮದ್ದು. ಹಸಿ ಶುಂಠಿಯಲ್ಲಿ ಪ್ರೋಟೀನನ್ನು ತುಂಡರಿಸುವ ಒಂದು ಕಿಣ್ವವಿದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದು ತುಂಬ ಚುರುಕು. ತಣ್ಣನೆಯ ಹಾಲಿಗೆ ಶುಂಠಿ ಹಾಕಿ ಒಲೆಗಿಟ್ಟರೆ, ಹಾಲು ಕುದಿ ಬರುವ ಮೊದಲು ಆ ಬಿಸಿಯನ್ನು ದಾಟಿಯೇ ಹೋಗಬೇಕು. ಅಷ್ಟರಲ್ಲಿ ಕಿಣ್ವ ತನ್ನ ಕೆಲಸ ಮುಗಿಸಿರುತ್ತದೆ, ಹಾಲು ಒಡೆದಿರುತ್ತದೆ.

ಜಜ್ಜಿದ ಶುಂಠಿಯನ್ನು ಮೊದಲು ಬರೀ ನೀರಲ್ಲಿ ಹಾಕಿ 3 ನಿಮಿಷ ಕೊತಕೊತ ಕುದಿಸಿ. ಕುದಿಗೆ ಕಿಣ್ವ ಸತ್ತುಹೋಗುತ್ತದೆ. ಆಮೇಲೆ ಪುಡಿ, ಕೊನೆಗೆ ಬಿಸಿ ಹಾಲು. ಇಳಿಸಿದ ಮೇಲೆ ಹಸಿ ಶುಂಠಿ ರಸ ಹಿಂಡುವ ಅಭ್ಯಾಸವಿದ್ದರೆ ಅದನ್ನು ಬಿಡಿ. ಒಣಶುಂಠಿ ಪುಡಿಯಲ್ಲಿ ಈ ತೊಂದರೆ ಬಹಳ ಕಡಿಮೆ.

ಇಷ್ಟು ಮಾಡಿದರೂ ಒಡೆದರೆ ಆಗ ಹಾಲನ್ನು ಅನುಮಾನಿಸಿ. ಹುಳಿ ತಿರುಗಲು ಶುರುವಾದ ಹಾಲು ತಣ್ಣಗಿದ್ದಾಗ ಚೆನ್ನಾಗಿಯೇ ಕಾಣುತ್ತದೆ, ಬಿಸಿ ತಾಕಿದಾಗ ಒಡೆಯುತ್ತದೆ. ನಾಲ್ಕು ಚಮಚ ಹಾಲನ್ನು ಬೇರೆಯಾಗಿ ಕುದಿಸಿ ನೋಡಿದರೆ ಗೊತ್ತಾಗುತ್ತದೆ.

ಪ್ರಶ್ನೆ: ಕಪ್ಪಿಗೆ ಹಾಲು ಮೊದಲೋ, ಟೀ ಮೊದಲೋ?

ಸೋಸಿದ ಬಿಸಿ ಟೀಗೆ ತಣ್ಣನೆಯ ಹಾಲು ಬೆರೆಸಿ ಕುಡಿಯುವವರಿಗೆ ಮಾತ್ರ ಇದು ಲೆಕ್ಕಕ್ಕೆ ಬರುತ್ತದೆ. ಹಾಲು ಮೊದಲಿದ್ದರೆ ಅದು ನಿಧಾನವಾಗಿ ಬಿಸಿಯಾಗುತ್ತದೆ, ಕಾದ ಹಾಲಿನ ವಾಸನೆ ಕಡಿಮೆ. ಟೀ ಮೊದಲಿದ್ದರೆ ಬಣ್ಣ ನೋಡಿಕೊಂಡು ಎಷ್ಟು ಹಾಲು ಬೇಕೋ ಅಷ್ಟೇ ಹಾಕಬಹುದು. ನಮ್ಮ ಆಯ್ಕೆ ಎರಡನೆಯದು, ಏಕೆಂದರೆ ಹದ ನಿಮ್ಮ ಕೈಯಲ್ಲಿರುತ್ತದೆ. ಆದರೆ ಟೀ ಬ್ಯಾಗ್ ಹಾಕಿದ ಕಪ್ಪಿಗೆ ಮೊದಲೇ ಹಾಲು ಸುರಿಯಬೇಡಿ. ನೀರಿನ ಬಿಸಿ ಇಳಿದು ಟೀ ಬಿಡುವುದೇ ಇಲ್ಲ.

ಪ್ರಶ್ನೆ: ಹಾಲಿಲ್ಲದ ಟೀ ಮೇಲೆ ತೆಳು ಪೊರೆ ಕಟ್ಟುತ್ತದೆ, ಕಪ್ಪಿನ ಒಳಗೂ ಕಂದು ಕಲೆ. ಪುಡಿ ಕಲಬೆರಕೆಯೇ?

ಕಲಬೆರಕೆ ಅಲ್ಲ, ನೀರು ಗಡಸು. ಗಡಸು ನೀರಿನ ಕ್ಯಾಲ್ಸಿಯಂ, ಬೈಕಾರ್ಬೊನೇಟ್‌ಗಳು ಇರುವಲ್ಲಿ ಟೀಯ ಪಾಲಿಫಿನಾಲ್‌ಗಳು ಮೇಲ್ಭಾಗದಲ್ಲಿ ಗಾಳಿ ತಾಕಿ ಆ ಪೊರೆಯಾಗುತ್ತವೆ. ಬೆಳಕಿಗೆ ಓರೆಯಾಗಿ ಹಿಡಿದರೆ ಎಣ್ಣೆಯಂತೆ ಹೊಳೆಯುತ್ತದೆ, ಚಮಚ ತಾಕಿಸಿದರೆ ಚೂರುಚೂರಾಗಿ ಒಡೆಯುತ್ತದೆ. ಕುಡಿದರೆ ತೊಂದರೆ ಏನಿಲ್ಲ, ಆದರೆ ಟೀ ಮಂಕಾಗುತ್ತದೆ. ನಾಲ್ಕು ಹನಿ ನಿಂಬೆರಸ ಹಿಂಡಿದರೆ ಪೊರೆ ಕಟ್ಟುವುದಿಲ್ಲ. ಬಣ್ಣವೂ ತಿಳಿಯಾಗುತ್ತದೆ; ಟೀ ತೆಳುವಾಯಿತೆಂದು ಅಂದುಕೊಳ್ಳಬೇಡಿ, ಹುಳಿಗೆ ಅದರ ಬಣ್ಣ ಬದಲಾಗುವುದೇ ಹಾಗೆ. ನಿಂಬೆ ಬೇಡವೆಂದರೆ ಫಿಲ್ಟರ್ ಮಾಡಿದ ನೀರು ಬಳಸಿ.

ಹಾಗೆಂದು ಲವಣವೇ ಇಲ್ಲದ ಬಟ್ಟಿ ಇಳಿಸಿದ ನೀರಿಗೆ ಹೋಗಬೇಡಿ. ಅದರಲ್ಲಿ ಮಾಡಿದ ಟೀ, ಕಾಫಿ ಎರಡೂ ಚಪ್ಪೆ.

ಪ್ರಶ್ನೆ: ಗ್ರೀನ್ ಟೀ ಯಾವಾಗ ಮಾಡಿದರೂ ಕಹಿ.

ಕುದಿಯುವ ನೀರು ಹಾಕುತ್ತಿದ್ದೀರಿ. ಅದಕ್ಕೆ 75 ಡಿಗ್ರಿಯ ಆಸುಪಾಸಿನ ನೀರು ಸಾಕು, 2 ನಿಮಿಷ ಸಾಕು. ಥರ್ಮಾಮೀಟರ್ ಬೇಕಿಲ್ಲ: ಎರಡು ಪಾಲು ಕುದಿಯುವ ನೀರಿಗೆ ಒಂದು ಪಾಲು ಕುಡಿಯುವ ತಣ್ಣೀರು ಬೆರೆಸಿದರೆ ಹೆಚ್ಚುಕಡಿಮೆ ಅಷ್ಟಕ್ಕೇ ಬರುತ್ತದೆ.

ಪ್ರಶ್ನೆ: ಎರಡು ಅಂತಸ್ತಿನ ಲೋಹದ ಫಿಲ್ಟರಿನಲ್ಲಿ ಡಿಕಾಕ್ಷನ್ ಒಮ್ಮೊಮ್ಮೆ ಐದೇ ನಿಮಿಷದಲ್ಲಿ ತೆಳ್ಳಗೆ ಇಳಿದುಬಿಡುತ್ತದೆ, ಒಮ್ಮೊಮ್ಮೆ ಗಂಟೆಯಾದರೂ ಇಳಿಯುವುದಿಲ್ಲ.

ಸರಿಯಾಗಿ ತುಂಬಿದ ಫಿಲ್ಟರಿನಲ್ಲಿ 15ರಿಂದ 20 ನಿಮಿಷದಲ್ಲಿ ಹೆಚ್ಚಿನ ಪಾಲು ಇಳಿದಿರಬೇಕು. ಅಳತೆ ಹೀಗಿರಲಿ: ಪುಡಿ 25 ಗ್ರಾಂ, ನೀರು 150 ಮಿ.ಲೀ. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹೀರಿಟ್ಟುಕೊಳ್ಳುವುದರಿಂದ ಕೆಳಗೆ ಸಿಗುವುದು ಹೆಚ್ಚುಕಡಿಮೆ 100 ಮಿ.ಲೀ. ಡಿಕಾಕ್ಷನ್. ಮೂರು ಲೋಟ ಕಾಫಿಗೆ ಅಷ್ಟು ಬೇಕು.

ಪುಡಿ ಹಾಕಿ ಪಾತ್ರೆಯನ್ನು ಒಂದೆರಡು ಸಲ ತಟ್ಟಿ ಸಮ ಮಾಡಿ. ಹಿಡಿಕೆಯ ತಟ್ಟೆಯನ್ನು ಮೇಲಿಟ್ಟು ಅರ್ಧ ಸುತ್ತು ತಿರುಗಿಸಿ, ಬಲ ಹಾಕಿ ಅದುಮಬೇಡಿ. ನೀರು ಕುದಿದು ಇಳಿಸಿದ ಅರ್ಧ ನಿಮಿಷದ ನಂತರ ಮೊದಲು ಮೂರು ಚಮಚ ನೀರನ್ನು ತಟ್ಟೆಯ ಮೇಲೆ ಸುತ್ತ ಹಾಕಿ, ಮತ್ತೆ ಅರ್ಧ ನಿಮಿಷ ಕಾಯಿರಿ. ಹೊಸದಾಗಿ ಹುರಿದ ಪುಡಿಯಾದರೆ ಗುಳ್ಳೆ ಏಳುತ್ತದೆ. ಅದು ಹುರಿದಾಗ ಒಳಗೆ ಉಳಿದ ಇಂಗಾಲದ ಡೈಆಕ್ಸೈಡ್. ಅದು ಹೊರಹೋಗದೆ ನೀರೆಲ್ಲ ಒಟ್ಟಿಗೆ ಸುರಿದರೆ ಪುಡಿ ಎದ್ದುಬಂದು, ನೀರು ಒಂದೇ ಕಡೆ ದಾರಿ ಮಾಡಿಕೊಂಡು ಇಳಿದುಬಿಡುತ್ತದೆ. ನಿಮ್ಮ ‘ಐದು ನಿಮಿಷದ’ ತೆಳು ಡಿಕಾಕ್ಷನ್ನಿಗೆ ಒಂದು ಕಾರಣ ಇದು. ಇನ್ನೊಂದು, ಪುಡಿ ತೀರ ತರಿತರಿಯಾಗಿರುವುದು.

ಇಳಿಯದೇ ಇರುವುದಕ್ಕೆ ಕಾರಣ ನಾಲ್ಕು. ಪುಡಿ ತೀರ ನುಣ್ಣಗಿರಬಹುದು. ತಟ್ಟೆಯನ್ನು ಹೆಚ್ಚು ಅದುಮಿರಬಹುದು. ಚಿಕೋರಿ ಪಾಲು ಜಾಸ್ತಿ ಇರಬಹುದು. ಚಿಕೋರಿ ನೀರಲ್ಲಿ ಬಹುಪಾಲು ಕರಗಿ ಡಿಕಾಕ್ಷನ್ನನ್ನು ಮಂದ ಮಾಡುತ್ತದೆ, ಇಳಿಯುವುದನ್ನೂ ತಡೆಯುತ್ತದೆ. ಯಾರೂ ಗಮನಿಸದ ನಾಲ್ಕನೆಯ ಕಾರಣ ಗಾಳಿ. ಮೇಲಿನ ಪಾತ್ರೆ ಕೆಳಗಿನದರಲ್ಲಿ ಬಿಗಿಯಾಗಿ ಕೂತಿದ್ದರೆ ಒಳಗಿನ ಗಾಳಿಗೆ ಹೊರಬರಲು ದಾರಿಯಿಲ್ಲ, ಹನಿ ನಿಲ್ಲುತ್ತದೆ. ಬಟ್ಟೆ ಹಿಡಿದು ಮೇಲಿನದನ್ನು ಕೂದಲೆಳೆಯಷ್ಟು ಎತ್ತಿ ಇಳಿಸಿ. ಕೂಡಲೇ ಹನಿಯತೊಡಗಿದರೆ ಕಾರಣ ಅದೇ.

ಬಹಳ ದಿನ ಬಳಸಿದ ಫಿಲ್ಟರಾದರೆ ತೂತುಗಳನ್ನೂ ನೋಡಿ. ಖಾಲಿ ಪಾತ್ರೆಯನ್ನು ಬೆಳಕಿಗೆ ಹಿಡಿದಾಗ ಎಲ್ಲ ತೂತಿನಲ್ಲೂ ಬೆಳಕು ಕಾಣಬೇಕು. ಅಲ್ಲಲ್ಲಿ ಕುರುಡಾಗಿದ್ದರೆ ಬಿಸಿ ನೀರಲ್ಲಿ ಅರ್ಧ ಗಂಟೆ ನೆನೆಸಿ, ಹೊರಗಿನಿಂದ ಒಳಮುಖವಾಗಿ ಗಟ್ಟಿ ಬ್ರಷ್ ಆಡಿಸಿ. ಸೂಜಿ ಚುಚ್ಚಿದರೆ ತೂತು ದೊಡ್ಡದಾಗಿ, ಮುಂದೆ ಪುಡಿಯೇ ಕೆಳಗಿಳಿಯುತ್ತದೆ.

ಪ್ರಶ್ನೆ: ಡಿಕಾಕ್ಷನ್ ತಣ್ಣಗಾದರೆ ಬಿಸಿ ಮಾಡಬಹುದೇ?

ಮಾಡುವ ಅಗತ್ಯವೇ ಇಲ್ಲ. ಲೆಕ್ಕ ನೋಡಿ: 25 ಡಿಗ್ರಿಯ 35 ಮಿ.ಲೀ. ಡಿಕಾಕ್ಷನ್‌ಗೆ ಆಗಷ್ಟೇ ಇಳಿಸಿದ, 95 ಡಿಗ್ರಿಯ 115 ಮಿ.ಲೀ. ಹಾಲು ಬೆರೆತರೆ ಕಾಫಿ ಸುಮಾರು 78 ಡಿಗ್ರಿಗೆ ಬರುತ್ತದೆ. ಫ್ರಿಜ್‌ನಿಂದ ತೆಗೆದ ಡಿಕಾಕ್ಷನ್ ಆದರೂ 74. ನೇರ ಉರಿಗಿಟ್ಟರೆ ಘಮ ಹಾರಿಹೋಗಿ ಕಹಿ ಉಳಿಯುತ್ತದೆ. ಮುಚ್ಚಳವಿರುವ ಗಾಜಿನ ಪಾತ್ರೆಯಲ್ಲಿ ಫ್ರಿಜ್‌ನಲ್ಲಿಟ್ಟು ಮರುದಿನದೊಳಗೆ ಮುಗಿಸಿ.

ಫ್ಲಾಸ್ಕ್‌ಗೂ ಇದೇ ಉಪಾಯ. ಹಾಲು ಬೆರೆಸಿದ ಟೀ, ಕಾಫಿ ಗಂಟೆಗಟ್ಟಲೆ ಬೆಚ್ಚಗಿದ್ದರೆ ರುಚಿ ಕೆಡುತ್ತದೆ. 60 ಡಿಗ್ರಿಗಿಂತ ಕೆಳಗಿಳಿದ ಮೇಲೆ ಬ್ಯಾಕ್ಟೀರಿಯಾ ಬೆಳೆಯುವುದಕ್ಕೂ ಅನುಕೂಲ. ಬೆರೆಸದೆ ಒಯ್ಯಿರಿ. ಫ್ಲಾಸ್ಕಿಗೆ ಮೊದಲು ಕುದಿಯುವ ನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ತುಂಬಿ.

ಪ್ರಶ್ನೆ: ಫ್ರೆಂಚ್ ಪ್ರೆಸ್ (ಪುಡಿಯನ್ನು ಬಿಸಿ ನೀರಲ್ಲಿ ನೆನೆಸಿ, ಜಾಲರಿಯ ಒತ್ತುಕೋಲಿನಿಂದ ಕೆಳಗೊತ್ತುವ ಪಾತ್ರೆ) ಕೊಂಡಿದ್ದೇನೆ. ಕಾಫಿ ಒಂದು ದಿನ ಹುಳಿ, ಒಂದು ದಿನ ಕಹಿ. ಮೋಕಾ ಪಾಟ್‌ನಲ್ಲಂತೂ (ಕೆಳಗಿನ ನೀರು ಹಬೆಯ ಒತ್ತಡಕ್ಕೆ ಪುಡಿಯ ಮೂಲಕ ಮೇಲೇರಿ ಬರುವ, ಒಲೆಯ ಮೇಲಿಡುವ ಪಾತ್ರೆ) ಸುಟ್ಟ ವಾಸನೆ.

ಹುಳಿ ಬಂತೆಂದರೆ ಪುಡಿ ತನ್ನ ಸಾರವನ್ನು ನೀರಿಗೆ ಸಾಕಷ್ಟು ಬಿಟ್ಟಿಲ್ಲ. ಕಹಿ ಬಂತೆಂದರೆ ಅತಿಯಾಗಿ ಬಿಟ್ಟಿದೆ. ಹುಳಿಯಾದಾಗ ಪುಡಿಯನ್ನು ಇನ್ನಷ್ಟು ನುಣುಪು ಮಾಡಿ, ಇಲ್ಲವೇ ನೀರು ಇನ್ನೂ ಬಿಸಿ ಇರಲಿ, ಇಲ್ಲವೇ ಒಂದು ನಿಮಿಷ ಹೆಚ್ಚು ಬಿಡಿ. ಕಹಿಯಾದಾಗ ಇದರ ತಿರುವುಮುರುವು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಹುಳಿಯೂ ಇಲ್ಲ, ಕಹಿಯೂ ಇಲ್ಲ, ಬರೀ ನೀರುನೀರು ಎಂದಾದರೆ ಮಾತ್ರ ಪುಡಿ ಹೆಚ್ಚಿಸಿ.

500 ಮಿ.ಲೀ. ನೀರಿಗೆ 30 ಗ್ರಾಂ ತರಿ ಪುಡಿ, ನೀರು 92ರಿಂದ 96 ಡಿಗ್ರಿ, 4 ನಿಮಿಷ. ಇದರಿಂದ ಶುರು ಮಾಡಿ. ಒತ್ತುಕೋಲು ನಿಧಾನವಾಗಿ ಇಳಿಯಬೇಕು. ತೀರ ಗಟ್ಟಿಯಾಗಿ ತಡೆದರೆ ಪುಡಿ ನುಣ್ಣಗಾಗಿದೆ ಎಂದರ್ಥ. ಒತ್ತಿದ ಕೂಡಲೇ ಪೂರ್ತಿ ಬಗ್ಗಿಸಿಬಿಡಿ. ಅದರಲ್ಲೇ ಬಿಟ್ಟರೆ ಎರಡನೆಯ ಕಪ್ಪು ಕಹಿಯಾಗುವುದು ಖಂಡಿತ. ಕೊಲೆಸ್ಟ್ರಾಲ್ ಹೆಚ್ಚಿರುವವರಿಗೆ ಒಂದು ಮಾತು: ಕಾಫಿಯ ಎಣ್ಣೆಯಲ್ಲಿರುವ ಕ್ಯಾಫೆಸ್ಟಾಲ್ ಎಂಬ ಅಂಶ ಕೊಲೆಸ್ಟ್ರಾಲ್ ಏರಿಸುತ್ತದೆ. ಫ್ರೆಂಚ್ ಪ್ರೆಸ್‌ನ ಲೋಹದ ಜಾಲರಿ ಅದನ್ನು ತಡೆಯುವುದಿಲ್ಲ, ಕಾಗದದ ಫಿಲ್ಟರ್ ಬಹುಪಾಲು ತಡೆಯುತ್ತದೆ.

ಮೋಕಾ ಪಾಟ್‌ಗೆ ತಣ್ಣೀರು ತುಂಬಿ ಒಲೆಗಿಟ್ಟರೆ ನೀರು ಕಾಯುವಷ್ಟು ಹೊತ್ತೂ ಮೇಲಿನ ಪುಡಿ ಲೋಹದ ಬಿಸಿಗೆ ಬೇಯುತ್ತಿರುತ್ತದೆ. ಬಿಸಿ ನೀರನ್ನೇ ತುಂಬಿ, ಕೆಳಪಾತ್ರೆಯ ಬದಿಯಲ್ಲಿರುವ ಸಣ್ಣ ಕವಾಟದ ಕೆಳಗಿನವರೆಗೆ ಮಾತ್ರ. ಪುಡಿ ಅದುಮಬೇಡಿ. ಉರಿ ಸಣ್ಣಗಿರಲಿ. ಗೊರಗೊರ ಸದ್ದು ಶುರುವಾದ ತಕ್ಷಣ ಇಳಿಸಿ. ಆಮೇಲೆ ಮೇಲೇರಿ ಬರುವುದು ಹೆಚ್ಚಾಗಿ ಹಬೆ, ಸುಟ್ಟ ವಾಸನೆ ತರುವುದು ಅದೇ.

ಪ್ರಶ್ನೆ: ಕಾಫಿ ಪುಡಿ ಫ್ರಿಜ್‌ನಲ್ಲಿಡಬೇಕೇ?

ಬೇಡ. ಪ್ರತಿ ಸಲ ಹೊರತೆಗೆದಾಗ ತೇವ ಕೂರುತ್ತದೆ, ಬೇರೆ ಪದಾರ್ಥದ ವಾಸನೆಯೂ ಹಿಡಿಯುತ್ತದೆ. ಗಾಳಿಯಾಡದ ಸಣ್ಣ ಡಬ್ಬ, ಕತ್ತಲು, ಒಲೆಯಿಂದ ದೂರ. ಒಂದು ವಾರಕ್ಕಾಗುವಷ್ಟೇ ಪುಡಿ ಮಾಡಿಸಿ. ಬೀಜವಾಗಿದ್ದರೆ ಘಮ ಇನ್ನೂ ಹೆಚ್ಚು ದಿನ ನಿಲ್ಲುತ್ತದೆ.

ಪ್ರಶ್ನೆ: ಸಂಜೆ ಕಾಫಿ ಕುಡಿದರೆ ನಿದ್ದೆ ಬರುವುದಿಲ್ಲ. ಟೀಗೆ ಬದಲಿಸಿ, ಮೊದಲ ನೀರು ಚೆಲ್ಲಿ ಕುಡಿದರೆ ಆಗುತ್ತದೆಯೇ?

ಟೀಗೆ ಬದಲಿಸುವುದು ಸರಿ. ಅಷ್ಟೇ ದೊಡ್ಡ ಕಪ್ಪಿನಲ್ಲಿ ಕೆಫೀನ್ ಸುಮಾರು ಅರ್ಧ. ಮೊದಲ ಅರ್ಧ ನಿಮಿಷದ ನೀರು ಚೆಲ್ಲಿದರೆ ಹೋಗುವುದು ಅದರಲ್ಲಿ ಸ್ವಲ್ಪ ಭಾಗ ಮಾತ್ರ, ಘಮ ಮಾತ್ರ ದಂಡಿಯಾಗಿ ಹೋಗುತ್ತದೆ. ದೇಹದಲ್ಲಿ ಕೆಫೀನ್ ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಐದು ಗಂಟೆ ಬೇಕು. ಸಂಜೆ 5ಕ್ಕೆ ಕುಡಿದರೆ ರಾತ್ರಿ 10ಕ್ಕೆ ಇನ್ನೂ ಅರ್ಧ ಉಳಿದಿರುತ್ತದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿ.ಗ್ರಾಂ., ಗರ್ಭಿಣಿಯರಿಗೆ 200 ಮಿ.ಗ್ರಾಂ.ವರೆಗೆ ತೊಂದರೆಯಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ಅದು ಸುರಕ್ಷತೆಯ ಲೆಕ್ಕ. ನಿದ್ದೆಯ ಲೆಕ್ಕ ಒಬ್ಬೊಬ್ಬರಿಗೆ ಒಂದೊಂದು. ರಕ್ತಹೀನತೆ ಇರುವವರು ಊಟದ ಜೊತೆಗೆ ಟೀ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ. ಟೀ ಸಸ್ಯಾಹಾರದ ಕಬ್ಬಿಣಾಂಶ ಹೀರಿಕೆಯನ್ನು ತಡೆಯುತ್ತದೆ.

ಪ್ರಶ್ನೆ: ಸುಡುಸುಡು ಕುಡಿಯುವುದೇ ನನಗೆ ಇಷ್ಟ. ತಪ್ಪೇ?

65 ಡಿಗ್ರಿಗಿಂತ ಬಿಸಿಯಾದ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ವರ್ಗೀಕರಿಸಿದೆ. ತಪ್ಪು ಬಿಸಿಯದ್ದು, ಟೀ ಕಾಫಿಯದ್ದಲ್ಲ. ಲೋಟಕ್ಕೆ ಸುರಿದು ಐದಾರು ನಿಮಿಷ ಬಿಡಿ. ನಾಲಿಗೆ ಚುರ್ ಎನ್ನದಿದ್ದಾಗ ರುಚಿಯೂ ಚೆನ್ನಾಗಿ ತಿಳಿಯುತ್ತದೆ.

ಪ್ರಶ್ನೆ: ತಣ್ಣನೆಯ ಟೀ ಫ್ರಿಜ್‌ನಲ್ಲಿಟ್ಟರೆ ಕದಡಿದಂತಾಗುತ್ತದೆ.

ತಣ್ಣಗಾದಾಗ ಕೆಫೀನ್, ಪಾಲಿಫಿನಾಲ್ ಒಂದಕ್ಕೊಂದು ಅಂಟಿಕೊಂಡು ಹಾಗೆ ಕಾಣುತ್ತದೆ, ಕೆಟ್ಟಿಲ್ಲ. ಸ್ವಲ್ಪ ಕುದಿಯುವ ನೀರು ಬೆರೆಸಿದರೆ ತಿಳಿಯಾಗುತ್ತದೆ. ಕದಡುವುದೇ ಬೇಡವೆಂದರೆ ಒಂದು ಲೀಟರ್ ತಣ್ಣೀರಿಗೆ 10 ಗ್ರಾಂ ಎಲೆ ಹಾಕಿ, ಫ್ರಿಜ್‌ನಲ್ಲಿ 8 ಗಂಟೆ ಬಿಟ್ಟು ಸೋಸಿ.