ಬಿಲಾಲ್ ಅಂದರೆ ಕಪ್ಪು ಅಂತ ಅರ್ಥವೇ?

ಪ್ರಶ್ನೆ: ನಮಗೆ ಮೊನ್ನೆ ಗಂಡು ಮಗು ಆಯಿತು. ಬಿಲಾಲ್ ಅಂತ ಹೆಸರಿಡಬೇಕು ಅನ್ನುವುದು ನಮ್ಮ ಮನೆಯವರ ಆಸೆ. ನನಗೂ ಇಷ್ಟ. ಆದರೆ ಮಗು ನೋಡಲು ಬಂದ ಖಾಲಾ (ತಾಯಿಯ ಸಹೋದರಿ), "ಬಿಲಾಲ್ ಅಂದ್ರೆ ಕಪ್ಪು. ಇಷ್ಟು ಬೆಳ್ಳಗಿರೋ ಮಗುಗೆ ಆ ಹೆಸರು ಯಾಕಮ್ಮ? ಅದೂ ಗುಲಾಮರಾಗಿದ್ದವರ ಹೆಸರು" ಅಂದುಬಿಟ್ಟರು. ಅವತ್ತಿನಿಂದ ಮನಸ್ಸಿಗೆ ಕಸಿವಿಸಿ. ಈ ಹೆಸರಿನ ನಿಜವಾದ ಅರ್ಥ ಏನು? ಈಗಲೂ ಜನ ಇಡುತ್ತಾರಾ? ಶಾಲೆಯಲ್ಲಿ ಮಕ್ಕಳು 'ಬಿಲ' ಅಂತ ರೇಗಿಸುತ್ತಾರೇನೋ ಅನ್ನುವ ಚಿಂತೆಯೂ ಇದೆ.
– ಓದುಗರು, ಹುಬ್ಬಳ್ಳಿ

ಉತ್ತರ: ತಾಯಿ, ಮಗು ಇಬ್ಬರೂ ಚೆನ್ನಾಗಿರಿ. ಖಾಲಾ ಹೇಳಿದ್ದರಲ್ಲಿ ಒಂದು ಮಾತು ತಪ್ಪು, ಇನ್ನೊಂದು ಅರ್ಧ ಮಾತ್ರ ನಿಜ.

ತಪ್ಪು ಯಾವುದು ಅಂದರೆ ಬಣ್ಣದ ಮಾತು. ಬಿಲಾಲ್ ಅನ್ನುವ ಪದದಲ್ಲಿ ಕಪ್ಪೂ ಇಲ್ಲ, ಬಿಳುಪೂ ಇಲ್ಲ. ಅರಬಿಯಲ್ಲಿ ಕಪ್ಪಿಗೆ 'ಅಸ್ವದ್' ಅನ್ನುತ್ತಾರೆ. ಕಾಬಾದ ಕಪ್ಪು ಕಲ್ಲಿಗೆ ಹಜ್ರೆ ಅಸ್ವದ್ ಅಂತ ಹೆಸರು ಬಂದಿರುವುದು ಅದಕ್ಕೇ. ಬಿಲಾಲ್ ಬಂದಿರುವುದು 'ಬಲ್ಲ' ಅನ್ನುವ ಕ್ರಿಯಾಪದದಿಂದ. ಅಂದರೆ ಒದ್ದೆ ಮಾಡು, ನೆನೆಸು. ಗಂಟಲಿನ ಪಸೆ ಆರದಂತೆ ಕಾಯುವ ನೀರು ಅಥವಾ ಹಾಲಿಗೆ ಹಳೆಯ ಅರಬಿ ನಿಘಂಟುಗಳು ಬಿಲಾಲ್ ಅನ್ನುತ್ತವೆ. ರಂಜಾನಿನಲ್ಲಿ ದಿನವಿಡೀ ಒಣಗಿದ ಗಂಟಲಿಗೆ ಇಳಿಯುವ ಮೊದಲ ಗುಟುಕು ಇದೆಯಲ್ಲ, ಹಾಗೆ. ಮರಳುಗಾಡಿನ ಜನ ಮಗನಿಗೆ ಈ ಹೆಸರು ಯಾಕೆ ಇಟ್ಟರು ಅಂತ ಬೇರೆ ಹೇಳಬೇಕಿಲ್ಲ.

ಇದೇ ಪದ ಹದೀಸ್‌ನಲ್ಲಿ, ಅಂದರೆ ಪ್ರವಾದಿಯವರ ನುಡಿಗಳಲ್ಲಿ, ಬಹಳ ಚೆನ್ನಾಗಿ ಬಂದಿದೆ. 'ಬುಖಾರಿ', 'ಮುಸ್ಲಿಂ' ಅನ್ನುವ ಎರಡೂ ಹದೀಸ್ ಸಂಗ್ರಹಗಳಲ್ಲಿ ಅದು ಇದೆ. ಪ್ರವಾದಿಯವರು ತಮ್ಮ ಬಂಧುಗಳ ಬಗ್ಗೆ ಮಾತಾಡುತ್ತಾ, ಅವರ ಜೊತೆಗಿನ ರಕ್ತಸಂಬಂಧವನ್ನು ಅದರ 'ಬಿಲಾಲ್'ನಿಂದ ಹಸಿಯಾಗಿ ಇಡುತ್ತೇನೆ ಅನ್ನುತ್ತಾರೆ. ಸಂಬಂಧ ಒಣಗದಂತೆ ಆಗಾಗ ನೀರೆರೆಯಬೇಕು ಅನ್ನುವ ಮಾತು ಅದು. ಖಾಲಾ ಜೊತೆ ಮಾತಾಡುವಾಗ ಈ ಹದೀಸನ್ನೇ ಮೊದಲು ಹೇಳಿ. ಅವರಿಗೆ ಖಂಡಿತ ಹಿಡಿಸುತ್ತದೆ.

ಕಪ್ಪು ಅನ್ನುವ ಕಲ್ಪನೆ ಬಂದಿದ್ದು ಪ್ರವಾದಿಯವರ ಸಂಗಾತಿಯಾಗಿದ್ದ ಹಜರತ್ ಬಿಲಾಲ್ ಇಬ್ನ್ ರಬಾಹ್ ಅವರಿಂದ. ಅವರ ತಾಯಿ ಹಮಾಮಾ ಅಬಿಸೀನಿಯಾದವರು, ಅಂದರೆ ಈಗಿನ ಇಥಿಯೋಪಿಯಾ ಕಡೆಯವರು. ಬಿಲಾಲ್ ಮಕ್ಕಾದಲ್ಲಿ ಗುಲಾಮರಾಗಿದ್ದರು. ಇಷ್ಟು ನಿಜ. ಆದರೆ ಖಾಲಾ ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಟ್ಟಿದ್ದಾರೆ. ಅವರ ಹೆಸರು ಸಾವಿರದ ನಾನೂರು ವರ್ಷ ಉಳಿದಿದ್ದು ಆಮೇಲೆ ನಡೆದದ್ದರಿಂದ. ಇಸ್ಲಾಂ ಒಪ್ಪಿಕೊಂಡರು ಅಂತ ಒಡೆಯ ಉಮಯ್ಯಾ ಅವರನ್ನು ಸುಡುವ ಮರಳಿನ ಮೇಲೆ ಮಲಗಿಸಿ, ಎದೆ ಮೇಲೆ ಬಂಡೆ ಹೇರಿಸಿದ. ಅವರ ಬಾಯಿಂದ ಬಂದಿದ್ದು ಒಂದೇ ಮಾತು: "ಅಹದ್, ಅಹದ್." ಒಬ್ಬನೇ, ದೇವರು ಒಬ್ಬನೇ. ಕೊನೆಗೆ ಪ್ರವಾದಿಯವರ ಆಪ್ತ ಸಂಗಾತಿ ಅಬೂಬಕರ್ ಅವರು ಬಿಲಾಲರನ್ನು ಕೊಂಡುಕೊಂಡು ಬಿಡುಗಡೆ ಮಾಡಿದರು. ಮದೀನಾದಲ್ಲಿ ನಮಾಜಿಗೆ ಜನರನ್ನು ಕರೆಯಬೇಕಾಗಿ ಬಂದಾಗ ಪ್ರವಾದಿಯವರು ಆರಿಸಿದ್ದು ಬಿಲಾಲರ ದನಿಯನ್ನು. 630ರಲ್ಲಿ ಮಕ್ಕಾ ಕೈಸೇರಿದ ಮೇಲೆ ಕಾಬಾದ ಮೇಲೆ ಹತ್ತಿ ಅಜಾನ್ ಕೂಗಿದವರೂ ಅವರೇ. ಕುರೈಷ್ ಕುಲದ ದೊಡ್ಡವರು ಕೆಳಗೆ ನಿಂತು ಕೇಳಬೇಕಾಯಿತು. ಖಲೀಫಾ ಉಮರ್ ಅವರಂತೂ ಬಿಲಾಲರನ್ನು "ನಮ್ಮ ಸಯ್ಯಿದ್", ನಮ್ಮ ಒಡೆಯರು ಅಂತಲೇ ಕರೆದರು.

ಮಗು ಹುಟ್ಟಿದಾಗ ಬಲಗಿವಿಯಲ್ಲಿ ಅಜಾನ್ ಹೇಳಿರುತ್ತೀರಿ ಅಲ್ವಾ? ಮದೀನಾದಲ್ಲಿ ಬಿಲಾಲರು ಕೂಗಿದ ಅದೇ ಮಾತುಗಳನ್ನೇ ನಿಮ್ಮ ಮಗು ಮೊದಲು ಕೇಳಿಸಿಕೊಂಡಿರುವುದು. ಇಂಥವರ ಹೆಸರಿಡಲು ಮೈಬಣ್ಣ ಅಡ್ಡ ಬರಬಾರದು. ನಮ್ಮಲ್ಲಿ ಬೆಳ್ಳಗಿನ ಮಗುವನ್ನು ಎತ್ತಿ ಆಡುವುದು, ಕಪ್ಪಗಿನ ಮಗುವಿನ ಮುಂದೆ ನಿಟ್ಟುಸಿರು ಬಿಡುವುದು ಇನ್ನೂ ಹೋಗಿಲ್ಲ. ನನಗೆ ಬಹಳ ನೋವು ಕೊಡುವ ವಿಷಯ ಇದು. ನಿಮ್ಮ ಮನೆಯ ಬಿಲಾಲ್ ಈ ಕಥೆ ಕೇಳಿಕೊಂಡು ಬೆಳೆಯಲಿ.

ಇನ್ನು ಜನ ಈಗಲೂ ಇಡುತ್ತಾರಾ ಅನ್ನುವ ಪ್ರಶ್ನೆ. ಧಾರಾಳವಾಗಿ ಇಡುತ್ತಾರೆ. ಮುಹಮ್ಮದ್, ಅಲಿ, ಅಹ್ಮದ್ ಅವುಗಳಷ್ಟು ಜಾಸ್ತಿ ಇಲ್ಲ. ಈಗಿನ ಅಯಾನ್, ರೆಹಾನ್‌ಗಳ ಹಾಗೆ ಫ್ಯಾಷನ್ನಿನ ಹೆಸರೂ ಅಲ್ಲ. ಆದರೆ ಎಲ್ಲ ತಲೆಮಾರಿನಲ್ಲೂ ಸಿಗುತ್ತದೆ. ಟರ್ಕಿ, ಪಾಕಿಸ್ತಾನ, ಬೋಸ್ನಿಯಾಗಳಲ್ಲಿದೆ. ಟ್ಯುನಿಷಿಯಾ ಕಡೆ ಬಿಲೆಲ್ ಅನ್ನುತ್ತಾರೆ. ಮಲಯ ಭಾಷೆಯಲ್ಲಂತೂ ಅಜಾನ್ ಕೂಗುವವರನ್ನೇ 'ಬಿಲಾಲ್' ಅಂತ ಕರೆಯುತ್ತಾರೆ. ಪಶ್ಚಿಮ ಆಫ್ರಿಕಾದ ಮಾಲಿ ಸಾಮ್ರಾಜ್ಯ ಆಳಿದ ಕೇಟಾ ಮನೆತನದವರು ತಾವು ಬಿಲಾಲರ ವಂಶದವರು ಅಂತ ಹೇಳಿಕೊಂಡರು. ಅಮೆರಿಕದ ಕರಿಯ ಮುಸ್ಲಿಮರು 1975ರಲ್ಲಿ ತಮ್ಮ ಪತ್ರಿಕೆಯ ಹೆಸರನ್ನೇ 'ಬಿಲಾಲಿಯನ್ ನ್ಯೂಸ್' ಅಂತ ಬದಲಿಸಿದರು. ಅರಸರು ತಮ್ಮ ಮೂಲಪುರುಷ ಅಂದಿದ್ದೂ, ಗುಲಾಮಗಿರಿಯಿಂದ ಬಂದವರ ಮೊಮ್ಮಕ್ಕಳು ನಮ್ಮವರು ಅಂದಿದ್ದೂ ಅದೇ ಬಿಲಾಲರನ್ನು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲೂ ಅವರ ಹೆಸರಿನ ಮಸೀದಿ ಇದೆ. 

'ಬಿಲ' ಅಂತ ರೇಗಿಸುವ ಚಿಂತೆ ಬಿಡಿ. 'ಲಾ' ದೀರ್ಘ, ಅದನ್ನು ಎಳೆದೇ ಕರೆಯಿರಿ. ಮನೆಯಲ್ಲಿ ಹೇಗಿದ್ದರೂ ಬಿಲ್ಲು ಅಂತ ಆಗಿಬಿಡುತ್ತದೆ, ಅದೂ ಮುದ್ದಾಗಿಯೇ ಇದೆ.

ನಿಜವಾಗಿ ಗಮನ ಬೇಕಿರುವುದು ಕಾಗುಣಿತಕ್ಕೆ. ಕನ್ನಡದಲ್ಲಿ 'ಬಿಲಾಲ್' ಅಂತಲೇ ಬರೆಸಿ. 'ಬಿಲಾಲ', 'ಬಿಲಲ್' ಆಗದಂತೆ ನೋಡಿಕೊಳ್ಳಿ. ಇಂಗ್ಲಿಷಿನಲ್ಲಿ Bilal ಅನ್ನುವ ಐದಕ್ಷರದ ರೂಪ ಎಲ್ಲ ಕಡೆ ನಡೆಯುತ್ತದೆ. ಕೆಲವರು a ಎರಡು ಸಲ ಹಾಕಿ Bilaal ಅಂತ ಬರೆಯುತ್ತಾರೆ. ಯಾವುದಾದರೂ ಸರಿ, ಎಲ್ಲ ದಾಖಲೆಯಲ್ಲೂ ಒಂದೇ ಇರಲಿ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಆಧಾರ್‌ಗೆಲ್ಲ ಜನನ ಪ್ರಮಾಣಪತ್ರವೇ ಆಧಾರ. ಏಳನೇ ದಿನದ ಅಕೀಕಾಕ್ಕೆ (ಮಗು ಹುಟ್ಟಿದ್ದಕ್ಕೆ ಕುರಿ ಅಥವಾ ಆಡು ಬಲಿ ಕೊಡುವ ಶಾಸ್ತ್ರ) ಹೆಸರು ಗೊತ್ತಾಗಿದ್ದರೆ ಅದನ್ನೇ ಬರೆಸಿ. ಖಾಲಾ ಒಪ್ಪುವ ತನಕ ಕಾಯುವುದಾದರೆ ಜನನವನ್ನು 21 ದಿನದೊಳಗೆ ಹೆಸರಿಲ್ಲದೆಯೂ ನೋಂದಾಯಿಸಬಹುದು. ಹೆಸರು ಸೇರಿಸಲು ಒಂದು ವರ್ಷದವರೆಗೆ ಶುಲ್ಕ ಇಲ್ಲ.