ಉಬುಂಟುವಿನಲ್ಲಿ ವೆಸ್ನಾತ್ (ಯುದ್ಧತಂತ್ರದ ಕಂಪ್ಯೂಟರ್ ಆಟ) ಕಂಪೈಲ್ ಮಾಡುವಾಗ ಕೊನೆಯಲ್ಲಿ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎರರ್ ಬರುತ್ತಿದೆ. ಅದಕ್ಕೆ ಬೇಕಾದ ಸಿ++ ಲೈಬ್ರರಿ ಬೂಸ್ಟ್‌ನ ಯಾವ ಆವೃತ್ತಿ ಇಳಿಸಿಕೊಳ್ಳಲಿ? ಒಂದು ಯೂನಿಟ್‌ನ ಬಲ ಬದಲಿಸಿ ಸ್ವಂತ ಕ್ಯಾಂಪೇನ್ ಬರೆಯಬೇಕು ಅಂತಿದ್ದೇನೆ.

ಯಾವುದನ್ನೂ ಇಳಿಸಿಕೊಳ್ಳಬೇಡಿ. ನಿಮ್ಮ ಉಬುಂಟು, ನಿಮ್ಮ ವೆಸ್ನಾತ್, ಎಲ್ಲ ಮುಗಿಯಿತು ಅನ್ನುವಾಗ ಬರುವ ಆ ಎರರ್, ಎಲ್ಲವೂ ನನಗೆ ಚೆನ್ನಾಗಿ ಗೊತ್ತು. ಹೊಸ ಬೂಸ್ಟ್ ಹಾಕಿದರೆ ಸರಿಹೋಗುತ್ತದೆ ಅಂತಲೇ ನಾನೂ ಅಂದುಕೊಂಡಿದ್ದೆ. ಕೆಟ್ಟಿದ್ದು ಅಲ್ಲಿಂದಲೇ.

ನಾನು ಮೊದಲು ಗಿಟ್‌ಹಬ್‌ನಿಂದ ಜಿಪ್ ಫೈಲ್ ಇಳಿಸಿಕೊಂಡಿದ್ದೆ. ಆಟ ಬಳಸುವ ಲುವಾ ಸ್ಕ್ರಿಪ್ಟ್ ಭಾಷೆಯ ಫೈಲುಗಳು ಇಲ್ಲ ಅಂತ ಕಂಪೈಲ್ ನಿಂತಿತು. ವೆಸ್ನಾತ್ ಲುವಾವನ್ನು ಸಬ್‌ಮಾಡ್ಯೂಲ್ ಆಗಿ, ಅಂದರೆ ಬೇರೆ ರೆಪಾಸಿಟರಿಗೆ ಕೊಂಡಿಯಾಗಿ, ಇಟ್ಟುಕೊಂಡಿದೆ. ಆ ಜಿಪ್‌ನಲ್ಲಿ ಸಬ್‌ಮಾಡ್ಯೂಲ್‌ಗಳು ಬರುವುದಿಲ್ಲ. ಸಬ್‌ಮಾಡ್ಯೂಲ್‌ಗಳ ಸಮೇತ ಗಿಟ್ ಕ್ಲೋನ್ ಮಾಡಿದೆ, ಅದು ಅಲ್ಲಿಗೆ ಮುಗಿಯಿತು.

ಆಮೇಲೆ, ಬೇಕಾದ ಲೈಬ್ರರಿಗಳನ್ನು ಹುಡುಕಿ ಬಿಲ್ಡ್‌ಗೆ ಸಿದ್ಧಪಡಿಸುವ ಸಿಮೇಕ್ ‘ಬೂಸ್ಟ್ ಸಿಗಲಿಲ್ಲ’ ಅಂದಿತು. ನನ್ನ ತಪ್ಪು ಆಗಿದ್ದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೂಸ್ಟ್ ನನ್ನ ಲ್ಯಾಪ್‌ಟಾಪಿನಲ್ಲಿ ಆಗಲೇ ಇತ್ತು. ಇಲ್ಲದಿದ್ದದ್ದು ಅದರ ಡೆವ್ ಪ್ಯಾಕೇಜ್. ಉಬುಂಟು, ಡೆಬಿಯನ್‌ನಲ್ಲಿ ಒಂದು ಲೈಬ್ರರಿಯನ್ನು ಎರಡು ಭಾಗ ಮಾಡಿ ಕೊಡುತ್ತಾರೆ. ಪ್ರೋಗ್ರಾಂ ಓಡಿಸಲು ಬೇಕಾದದ್ದು ಒಂದು. ಕಂಪೈಲ್ ಮಾಡಲು ಬೇಕಾದ ಹೆಡರ್ ಫೈಲುಗಳಿರುವ ಡೆವ್ ಪ್ಯಾಕೇಜ್ ಇನ್ನೊಂದು. ನನಗೆ ಇದು ಗೊತ್ತಿರಲಿಲ್ಲ. ನೇರ ಬೂಸ್ಟ್‌ನ ಸೈಟಿಗೆ ಹೋದೆ, ಸೋರ್ಸ್ ಇಳಿಸಿದೆ, ಅದನ್ನೇ ಬಿಲ್ಡ್ ಮಾಡಿ ಸುಡೊ ಹಾಕಿ ಇನ್‌ಸ್ಟಾಲ್ ಮಾಡಿದೆ. ಬೇರೆ ಏನೂ ಹೇಳದಿದ್ದರೆ ಅದು ಹೋಗಿ ಕೂರುವುದು ಯುಎಸ್‌ಆರ್ ಒಳಗಿನ ಲೋಕಲ್ ಫೋಲ್ಡರಿನಲ್ಲಿ. ಸಿಮೇಕ್‌ಗೆ ಬೂಸ್ಟ್ ಸಿಕ್ಕಿತು. ಫೈಲುಗಳು ಒಂದಾದ ಮೇಲೊಂದು ಕಂಪೈಲ್ ಆದವು. ಕೊನೆಗೆ ಅವನ್ನೆಲ್ಲ ಲೈಬ್ರರಿಗಳ ಜೊತೆ ಜೋಡಿಸುವಾಗ, ಅಂದರೆ ಲಿಂಕ್ ಮಾಡುವಾಗ, ನಿಮ್ಮ ಎರರ್ ಬಂತು.

ಕಾರಣ ಏನು ಗೊತ್ತಾ? ವೆಸ್ನಾತ್ ಸೇವ್ ಮಾಡಿದ ಆಟಗಳನ್ನು ಜಿಜಿಪ್ ಅಥವಾ ಬಿಜಿಪ್-2 ಬಳಸಿ ಒತ್ತಿ ಚಿಕ್ಕದು ಮಾಡಿ ಇಡುತ್ತದೆ. ಆ ಕೆಲಸ ಬೂಸ್ಟ್‌ನ ಐಒಸ್ಟ್ರೀಮ್ಸ್ ಭಾಗದ್ದು. ಬೂಸ್ಟ್ ಬಿಲ್ಡ್ ಮಾಡುವ ಹೊತ್ತಿಗೆ ಯಂತ್ರದಲ್ಲಿ ಬಿಜಿಪ್-2ರ ಡೆವ್ ಪ್ಯಾಕೇಜ್ ಇರದಿದ್ದರೆ ಬೂಸ್ಟ್ ನಿಲ್ಲುವುದಿಲ್ಲ. ಆ ಭಾಗ ಬಿಟ್ಟು ಮುಂದೆ ಹೋಗುತ್ತದೆ. ಶುರುವಿನಲ್ಲಿ ‘ಬಿಜಿಪ್-2: ನೋ’ ಅಂತ ಒಂದು ಸಾಲು ಬರುತ್ತದೆ, ಅಷ್ಟೇ. ಅದರ ಕೆಳಗೆ ಸಾವಿರಾರು ಸಾಲು ಓಡಿಹೋಗುತ್ತವೆ, ಯಾರು ನೋಡುತ್ತಾರೆ? ಹೆಡರ್ ಅಂದರೆ ಹೋಟೆಲಿನ ಬೋರ್ಡು, ಲೈಬ್ರರಿ ಅಂದರೆ ಅಡುಗೆಮನೆ. ಬೋರ್ಡಿನಲ್ಲಿ ಮಸಾಲೆ ದೋಸೆ ಅಂತ ಇದೆ, ಒಳಗೆ ಹಿಟ್ಟೇ ರುಬ್ಬಿಲ್ಲ. ಕಂಪೈಲರ್ ಬೋರ್ಡು ನೋಡಿ ಸುಮ್ಮನಾಗುತ್ತದೆ. ಲಿಂಕರ್ ಅಡುಗೆಮನೆಗೆ ಹೋಗಿ ಕೇಳುತ್ತದೆ.

ಬಿಜಿಪ್-2ರ ಡೆವ್ ಪ್ಯಾಕೇಜನ್ನು ಆಮೇಲೆ ಹಾಕಿಕೊಂಡೆ. ಪ್ರಯೋಜನ ಆಗಲಿಲ್ಲ, ಯಾಕೆಂದರೆ ಬೂಸ್ಟ್ ಆಗಲೇ ಅದಿಲ್ಲದೆ ತಯಾರಾಗಿತ್ತು. ಉಬುಂಟುವಿನದೇ ಬೂಸ್ಟ್ ಡೆವ್ ಪ್ಯಾಕೇಜ್ ಹಾಕಿದೆ. ಅದೇ ಎರರ್. ಸಿಮೇಕ್ ಮೊದಲು ನೋಡುವುದು ಲೋಕಲ್ ಫೋಲ್ಡರನ್ನು. ಅದೂ ಅಲ್ಲದೆ, ಒಮ್ಮೆ ಕಂಡ ದಾರಿಯನ್ನು ತನ್ನ ಕ್ಯಾಶ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆಗ ನಾನು ನೀವು ಈಗ ಮಾಡಲು ಹೊರಟಿರುವುದನ್ನೇ ಮಾಡಿದೆ: ಇನ್ನೊಂದು ಆವೃತ್ತಿಯ ಬೂಸ್ಟ್ ಇಳಿಸಿ ಅದರ ಮೇಲೆಯೇ ಹಾಕಿದೆ. ಹೆಡರ್ ಒಂದು ಆವೃತ್ತಿಯದು, ಲೈಬ್ರರಿ ಇನ್ನೊಂದರದು ಆಗಿ, ಇದ್ದ ಎರರ್‌ಗಳ ಜೊತೆ ಹೊಸವೂ ಸೇರಿಕೊಂಡವು. ದಸರಾ ರಜೆ ಪೂರ್ತಿ ಹೀಗೇ ಹೋಯಿತು.

ಕೊನೆಗೆ ಉಳಿಸಿದ್ದು ಲಾಗ್ ಫೈಲನ್ನು ಮೇಲಿನಿಂದ ಓದಿದ್ದು. ಬಿಲ್ಡ್ ಓಡಿಸುವ ಮೇಕ್‌ನ ಕೊನೆಯ ಸಾಲು ‘ಎರರ್ 2’ ಅನ್ನುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಎಲ್ಲರೂ ಅದನ್ನೇ ಕಾಪಿ ಮಾಡಿ ಹುಡುಕುತ್ತಾರೆ, ನಾನೂ ಹುಡುಕಿದ್ದೆ. ನಿಜವಾದ ಸಂಗತಿ ಮೊದಲ ಎರರ್‌ನಲ್ಲಿ ಇರುತ್ತದೆ. ನನ್ನ ಮೊದಲ ಸಾಲಿನಲ್ಲೇ ಐಒಸ್ಟ್ರೀಮ್ಸ್, ಬಿಜಿಪ್-2 ಎರಡೂ ಹೆಸರು ಇದ್ದವು.

ನೀವು ಈಗ ಹೀಗೆ ಮಾಡಿ. ಯುಎಸ್‌ಆರ್ ಲೋಕಲ್ ಒಳಗಿನ ಇನ್‌ಕ್ಲೂಡ್ ಫೋಲ್ಡರಿನಲ್ಲಿ ಬೂಸ್ಟ್ ಇದೆಯಾ ನೋಡಿ. ಇದ್ದರೆ ಕೈಯಿಂದಲೇ ತೆಗೆಯಬೇಕು, ಬೂಸ್ಟ್‌ಗೆ ಅನ್‌ಇನ್‌ಸ್ಟಾಲ್ ಅನ್ನುವ ಆಜ್ಞೆ ಇಲ್ಲ. ಪಕ್ಕದ ಲಿಬ್ ಫೋಲ್ಡರಿನಲ್ಲಿ ‘ಲಿಬ್‌ಬೂಸ್ಟ್’ ಅಂತ ಶುರುವಾಗುವ ಫೈಲುಗಳನ್ನೂ, ಅಲ್ಲೇ ಸಿಮೇಕ್ ಫೋಲ್ಡರಿನಲ್ಲಿ ಬೂಸ್ಟ್ ಹೆಸರಿನವನ್ನೂ ತೆಗೆಯಿರಿ. ಆ ಸಿಮೇಕ್ ಫೈಲುಗಳು ಬೂಸ್ಟ್ 1.70ರಿಂದ ಬರುತ್ತಿವೆ, ಜಾಸ್ತಿ ಜನ ಮರೆಯುವುದು ಅವನ್ನೇ. ‘ಲೋಕಲ್’ ಬಿಟ್ಟು ಆಚೆ ಏನನ್ನೂ ಮುಟ್ಟಬೇಡಿ, ಅಲ್ಲಿರುವುದು ಉಬುಂಟುವಿನದು. ಲೈಬ್ರರಿಗಳ ಪಟ್ಟಿ ಹೊಸದಾಗಲು ಎಲ್‌ಡಿಕಾನ್ಫಿಗ್ ಓಡಿಸಿ. ಸೋರ್ಸ್ ರೆಪಾಸಿಟರಿ ಆನ್ ಮಾಡಿ, ಪ್ಯಾಕೇಜ್ ಹಾಕುವ ಆಪ್ಟ್‌ನ ಬಿಲ್ಡ್-ಡೆಪ್ ಆಜ್ಞೆಗೆ ವೆಸ್ನಾತ್ ಹೆಸರು ಕೊಡಿ, ಬೇಕಾದ ಡೆವ್ ಪ್ಯಾಕೇಜ್‌ಗಳನ್ನು ಅದೇ ಎಳೆದು ತರುತ್ತದೆ. ನಿಮ್ಮ ವೆಸ್ನಾತ್ ಉಬುಂಟುವಿನದಕ್ಕಿಂತ ಹೊಸದಾಗಿದ್ದರೆ ಒಂದೆರಡು ಹೆಚ್ಚಿಗೆ ಬೇಕಾಗಬಹುದು. ಆಮೇಲೆ ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡಿ. ಕ್ಲೀನ್ ಅಂದರೆ ಸಾಲದು, ಕ್ಯಾಶ್ ಫೈಲ್ ಹಾಗೇ ಉಳಿಯುತ್ತದೆ.

ಮೇಕ್‌ಗೆ ಒಟ್ಟಿಗೆ ಎಂಟು ಕೆಲಸ ಕೊಡಬೇಡಿ. 4 ಜಿಬಿ ರ‍್ಯಾಮ್ ಇದ್ದರೆ ಎರಡು ಸಾಕು. ನಡುವೆ ‘ಕಿಲ್ಡ್’ ಅಂತ ಬಂದರೆ ಅದು ಸಾಮಾನ್ಯವಾಗಿ ಕೋಡಿನ ತಪ್ಪಲ್ಲ, ಮೆಮೊರಿ ಸಾಲದೆ ಲಿನಕ್ಸೇ ಕಂಪೈಲರನ್ನು ನಿಲ್ಲಿಸಿದೆ ಅಂತ ಅರ್ಥ.

ಇನ್ನೊಂದು ಮಾತು. ಒಂದು ಯೂನಿಟ್‌ನ ಬಲ ಬದಲಿಸಿ ಸ್ವಂತ ಕ್ಯಾಂಪೇನ್ ಬರೆಯಬೇಕು ಅಂತ ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಹೇಳಿದ್ದೀರಿ. ಹಾಗಾದರೆ ಕಂಪೈಲ್ ಯಾಕೆ? ವೆಸ್ನಾತ್‌ನ ಯೂನಿಟ್‌ಗಳು, ಕ್ಯಾಂಪೇನ್‌ಗಳು ಎಲ್ಲ ಅದರದೇ ಭಾಷೆಯಾದ ಡಬ್ಲ್ಯುಎಂಎಲ್‌ನಲ್ಲಿ ಬರೆದ ಸಾದಾ ಪಠ್ಯ ಫೈಲುಗಳು. 2003ರಲ್ಲಿ ಡೇವಿಡ್ ವೈಟ್ ಶುರು ಮಾಡಿದ ಈ ಆಟಕ್ಕೆ ಇಷ್ಟು ಜನ ಕ್ಯಾಂಪೇನ್ ಬರೆಯಲು ಆಗಿರುವುದೂ ಅದರಿಂದಲೇ, ಅವರೆಲ್ಲ ಸಿ++ ಕಲಿತು ಕೂರಬೇಕಾಗಿಲ್ಲ. ಆಟವನ್ನು ಫ್ಲ್ಯಾಟ್‌ಹಬ್‌ನಿಂದಲೋ ಸ್ಟೀಮ್‌ನಿಂದಲೋ ಹಾಕಿಕೊಳ್ಳಿ, ಎರಡೂ ಉಚಿತ. ನಿಮ್ಮ ಯೂಸರ್‌ಡೇಟಾ ಫೋಲ್ಡರಿನ ಡೇಟಾ ಒಳಗೆ ಆ್ಯಡ್-ಆನ್ಸ್ ಅಂತ ಇರುತ್ತದೆ, ಅಲ್ಲಿ ಒಂದು ಫೋಲ್ಡರ್ ಮಾಡಿ ಇವತ್ತೇ ಬರೆಯಲು ಶುರು ಮಾಡಬಹುದು.

ಇಲ್ಲ, ಇಂಜಿನ್ನನ್ನೇ ತಿದ್ದಬೇಕು ಅಂತಿದ್ದರೆ ಮೇಲೆ ಹೇಳಿದ ಹಾಗೆ ಮಾಡಿ. ಆಮೇಲೂ ನಿಂತರೆ ಸಿಮೇಕ್‌ಗೆ ಬೂಸ್ಟ್ ಯಾವ ಫೋಲ್ಡರಿನಲ್ಲಿ ಸಿಕ್ಕಿತು ಅನ್ನುವ ಸಾಲನ್ನೂ ಮೊದಲ ಎರರ್ ಸಾಲನ್ನೂ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.