ನಾಲ್ಕು ಬ್ಲೇಡಿನ ಲೆಕ್ಕ: ನಿಮ್ಮ ಲೇಖನಕ್ಕೆ ನನ್ನ ಉತ್ತರ

ನಮಸ್ಕಾರ,

ಬ್ಲೇಡು, ಕಾಗದದಂಥ ಮನೆಯ ಸಾಮಾನಿನಿಂದಲೇ ಎಂಜಿನ್ನಿನ ಸಂದು ಅಳೆಯುವ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಪಕ್ಕದಲ್ಲಿ ಒಂದು ಪೆನ್ಸಿಲ್ಲು, ಒಂದು ಪೊಟ್ಟಣ ಶೇವಿಂಗ್ ಬ್ಲೇಡು ಇಟ್ಟುಕೊಂಡಿದ್ದೆ. ಈಗಿರುವ ರೂಪದಲ್ಲಿ ಇದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಒಂದು ಸಾಲು ಬರೆದು ವಾಪಸ್ ಕಳಿಸಲು ಮನಸ್ಸು ಬರಲಿಲ್ಲ, ಯಾಕೆಂದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದು ನಾಲ್ಕನೇ ಪುಟದಲ್ಲಿ ಶುರುವಾಗಿ ಐದನೇ ಪುಟದ ಅರ್ಧಕ್ಕೇ ಮುಗಿದುಹೋಗುತ್ತದೆ.

ಮೊದಲ ಮೂರು ಪುಟ ತೆಗೆದುಬಿಡಿ. ನಮ್ಮ ಮೆಕ್ಯಾನಿಕ್‌ಗಳ ಅಗಾಧ ಜಾಣ್ಮೆ, ಜುಗಾಡ್ ನಮ್ಮ ರಕ್ತದಲ್ಲೇ ಇದೆ, ಓದಿದ ಎಂಜಿನಿಯರಿಗೆ ಆಗದ್ದು ಓದದವನಿಗೆ ಆಗುತ್ತದೆ, ಇದೆಲ್ಲ ಹೊಗಳಿಕೆ. ಹೊಗಳಿಕೆಯಲ್ಲಿ ಯಾರ ಕೈಯೂ ಕಾಣುವುದಿಲ್ಲ. ಅದೂ ಅಲ್ಲದೆ ಸಿಗರೇಟು ಕಾಗದ, ಬ್ಲೇಡು, ಸೀಸದ ತಂತಿ ಇವನ್ನೆಲ್ಲ ಪ್ರಪಂಚದ ಎಲ್ಲಾ ಕಡೆ ಗ್ಯಾರೇಜಿನವರು ಬಳಸುತ್ತಾ ಬಂದಿದ್ದಾರೆ. ಇದು ನಮ್ಮಲ್ಲಿ ಮಾತ್ರ ಇರುವ ವಿದ್ಯೆ ಅಂತ ಬರೆದರೆ ತಿಳಿದವರು ಅಲ್ಲೇ ಓದು ನಿಲ್ಲಿಸುತ್ತಾರೆ.

ಇನ್ನು ನಾಲ್ಕನೇ ಪುಟ. ನಿಮ್ಮ ಚಿಕ್ಕಪ್ಪನ ಗ್ಯಾರೇಜು, ಸಂಜೆ, ಬಾನೆಟ್ ಎತ್ತಿದ ಅಂಬಾಸಿಡರ್ ಟ್ಯಾಕ್ಸಿ. ಟ್ಯಾಪೆಟ್ ಶಬ್ದ, ಅಂದರೆ ವಾಲ್ವಿನ ಮೇಲಿನ ಸಂದಿನ ಟಿಕ್ ಟಿಕ್, ಜಾಸ್ತಿಯಾಗಿದೆ. ಸಂದು ಅಳೆಯುವ ಉಕ್ಕಿನ ಪಟ್ಟಿಗಳ ಫೀಲರ್ ಗೇಜನ್ನು ಯಾರೋ ತೆಗೆದುಕೊಂಡು ಹೋದವರು ವಾಪಸ್ ಕೊಟ್ಟಿಲ್ಲ. ಚಿಕ್ಕಪ್ಪ ಪಕ್ಕದ ಅಂಗಡಿಯಿಂದ ಬ್ಲೇಡು ತರಿಸಿ, ನಾಲ್ಕರ ಕಾಗದ ಬಿಚ್ಚಿ, ಒಂದೊಂದನ್ನೂ ಪಂಚೆಯ ತುದಿಯಲ್ಲಿ ಒರೆಸಿ, ಒಟ್ಟಿಗೆ ಹಿಡಿದು ವಾಲ್ವನ್ನು ಒತ್ತುವ ರಾಕರ್ ಕೆಳಗಿನ ಸಂದಿಗೆ ತೂರಿಸುತ್ತಾರೆ. ನೀವು ಹುಡುಗ, ಮುಂದೆ ನಿಂತು ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸುತ್ತಿದ್ದೀರಿ. "ಎಂಟನೇದು ಪೂರ್ತಿ ಕೆಳಗೆ ಹೋಯ್ತು, ನಿಲ್ಸು, ಈಗ ಒಂದನೇದು" ಅನ್ನುತ್ತಾರೆ ಅವರು. ಈ ಒಂದು ಮಾತಿಗೆ ನಾನು ನಿಮ್ಮ ಮೂರು ಪುಟ ಬಿಟ್ಟುಕೊಡುತ್ತೇನೆ.

ಆದರೆ ನೀವು ಆ ಮಾತನ್ನು ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. "ಚಿಕ್ಕಪ್ಪ ಏನೋ ಒಂಬತ್ತರ ಲೆಕ್ಕ ಹಾಕುತ್ತಿದ್ದರು" ಅಷ್ಟೇ. ಏನೋ ಅಲ್ಲ ಅದು! ಆ ಹಳೇ ಪೆಟ್ರೋಲ್ ಅಂಬಾಸಿಡರ್ ಎಂಜಿನ್ನಿಗೆ ನಾಲ್ಕು ಸಿಲಿಂಡರ್, ಎಂಟು ವಾಲ್ವ್, ಅಂದರೆ ತೆರೆದು ಮುಚ್ಚುವ ಎಂಟು ಬಾಗಿಲು. ಯಾವ ವಾಲ್ವಿನ ಸಂದು ನೋಡಬೇಕೋ ಅದು ಪೂರ್ತಿ ಮುಚ್ಚಿರಬೇಕು, ಅದನ್ನು ತೆರೆಸುವ ಕ್ಯಾಮಿನ ಉಬ್ಬು ಅದರಿಂದ ದೂರ ಇರಬೇಕು. ಅದನ್ನು ಕಣ್ಣಲ್ಲಿ ನೋಡಲಾಗುವುದಿಲ್ಲ, ಕ್ಯಾಮ್ ಒಳಗಿದೆ. ಆದರೆ ಮೇಲೆ ಇನ್ನೊಂದು ವಾಲ್ವ್ ಪೂರ್ತಿ ತೆರೆದಿದ್ದು ಕಾಣುತ್ತದೆ, ಮತ್ತು ಆ ಎಂಜಿನ್ನಿನಲ್ಲಿ ತೆರೆದದ್ದರ ನಂಬರು, ನೋಡಬೇಕಾದ್ದರ ನಂಬರು ಕೂಡಿದರೆ ಯಾವಾಗಲೂ ಒಂಬತ್ತು. ಎಂಟು ತೆರೆದಾಗ ಒಂದು. ಆರು ತೆರೆದಾಗ ಮೂರು. ನಾಲ್ಕಕ್ಕೆ ಐದು, ಏಳಕ್ಕೆ ಎರಡು. ಅಕ್ಷರ ಬಾರದ ಕೆಲಸಗಾರನೂ ಬೆರಳಲ್ಲಿ ಎಣಿಸಿ ಎಂಟು ವಾಲ್ವನ್ನೂ ಮುಗಿಸಬಹುದಾದ ಲೆಕ್ಕ ಇದು. ಜಾಣ್ಮೆ ಅಂತ ನೀವು ಮೂರು ಪುಟ ಹುಡುಕಿದ್ದು ಇಲ್ಲೇ ಇದೆ, ನಿಮ್ಮ ಕೈಯಲ್ಲಿದ್ದ ಹ್ಯಾಂಡಲ್ಲಿನ ತುದಿಯಲ್ಲೇ ಇತ್ತು. ಒಂದು ಇಡೀ ಪ್ಯಾರಾ ಬರೆಯಿರಿ ಇದರ ಮೇಲೆ. ತಿರುಗಿಸುವಾಗ ಎಲ್ಲಿ ಬಿಗಿಯಾಗುತ್ತಿತ್ತು, ಎಲ್ಲಿ ಸಡಿಲವಾಗಿ ಕೈ ಜಾರುತ್ತಿತ್ತು, ಅದು ನಿಮಗೆ ನೆನಪಿರಲೇಬೇಕು.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಅದೇ ಪುಟದಲ್ಲಿ "ಸಂದು 0.15 ಮಿ.ಮೀ. ಇರಬೇಕು" ಅಂತ ಬರೆದಿದ್ದೀರಿ. ಇದು ತಪ್ಪು, ಸಣ್ಣ ತಪ್ಪಲ್ಲ. ತಪ್ಪು ಅಂತ ನಿಮ್ಮ ಲೇಖನವೇ ಹೇಳುತ್ತದೆ. ಎರಡಂಚಿನ ಶೇವಿಂಗ್ ಬ್ಲೇಡಿನ ದಪ್ಪ 0.1 ಮಿ.ಮೀ. ಚಿಕ್ಕಪ್ಪ ನಾಲ್ಕು ಬ್ಲೇಡು ಜೋಡಿಸಿದರು ಅಂದರೆ 0.4. ಸಂದು 0.15 ಇರಬೇಕಾದ ಕಡೆ ಅವರು ನಾಲ್ಕು ಬ್ಲೇಡು ಯಾಕೆ ತೂರಿಸುತ್ತಾರೆ? ಎರಡೂ ಹೋಗುವುದಿಲ್ಲ ಅಲ್ಲಿ. ನಡೆದದ್ದು ಏನೆಂದು ನನಗೆ ಹೀಗೆ ಅನ್ನಿಸುತ್ತದೆ: ಚಿಕ್ಕಪ್ಪ "ಹದಿನೈದು ಥೌ" ಅಂದಿದ್ದಾರೆ, ನೀವು ಬರೆಯಲು ಕೂತಾಗ ಅದನ್ನು 0.15 ಮಾಡಿದ್ದೀರಿ. ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು, ಮಿಲಿಮೀಟರಿನಲ್ಲಿ 0.0254. ಹದಿನೈದು ಥೌ ಅಂದರೆ 0.38 ಮಿ.ಮೀ. ಅದು ಸರಿಯಾದ ಸಂಖ್ಯೆ, ನಾಲ್ಕು ಬ್ಲೇಡಿಗೆ ಕೂದಲೆಳೆಯಷ್ಟು ಹತ್ತಿರ. ಮೂರು ಬ್ಲೇಡು ಸಲೀಸಾಗಿ ಹೋಗಬೇಕು, ನಾಲ್ಕು ತಡೆದು ತಡೆದು ಹೋಗಬೇಕು. ನಿಮ್ಮ ಚಿಕ್ಕಪ್ಪನ ಕೈ ಸರಿಯಾಗಿತ್ತು, ನಿಮ್ಮ ಪೆನ್ನು ತಪ್ಪಿತು.

ಇದನ್ನು ಯಾಕಿಷ್ಟು ಎಳೆಯುತ್ತಿದ್ದೇನೆ ಅಂದರೆ, ನಿಮ್ಮನ್ನು ನಂಬಿ ಯಾರೋ ಒಬ್ಬರು ಮನೆಯಲ್ಲಿ ಜೋಪಾನ ಮಾಡಿಟ್ಟ ಹಳೇ ಅಂಬಾಸಿಡರಿಗೆ 0.15 ಇಟ್ಟರು ಅನ್ನಿ. ಗಾಡಿ ಚೆನ್ನಾಗೇ ಸ್ಟಾರ್ಟ್ ಆಗುತ್ತದೆ. ಮೊದಲಿಗಿಂತ ಶಬ್ದವೂ ಕಡಿಮೆ, ಅವರಿಗೆ ಖುಷಿ. ಎಂಜಿನ್ ಕಾದಂತೆ ಎಕ್ಸಾಸ್ಟ್ ವಾಲ್ವ್ ಉದ್ದವಾಗುತ್ತದೆ, ಸಂದು ಮುಗಿದುಹೋಗುತ್ತದೆ, ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಆ ವಾಲ್ವ್ ತಣ್ಣಗಾಗುವುದೇ ಹೆಚ್ಚಾಗಿ ಸೀಟಿಗೆ ತಾಗಿದಾಗ. ತಾಗದಿದ್ದರೆ ಅಂಚು ಸುಡುತ್ತಾ ಹೋಗುತ್ತದೆ. ಸಂದು ಜಾಸ್ತಿಯಾದರೆ ಟಿಕ್ ಟಿಕ್ ಅಂತ ಹೇಳಿಕೊಳ್ಳುತ್ತದೆ, ಕಡಿಮೆಯಾದರೆ ಬಾಯಿ ಬಿಡುವುದಿಲ್ಲ, ಎಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿದ ದಿನವೇ ಗೊತ್ತಾಗುವುದು. ಹಿಂದೊಮ್ಮೆ ಪಂಪ್‌ಸೆಟ್ ಬಗ್ಗೆ ನಾನೇ ನೋಡಿ ಅಚ್ಚಿಗೆ ಕಳಿಸಿದ ಲೇಖನವೊಂದರಲ್ಲಿ ದಶಮಾಂಶದ ಚುಕ್ಕಿ ಒಂದು ಮನೆ ಸರಿದಿತ್ತು. ಓದುಗರೊಬ್ಬರು ಕಾರ್ಡು ಬರೆದು ತಿಳಿಸಿದರು, ಬೈದಿರಲಿಲ್ಲ, "ನಾವು ನಿಮ್ಮನ್ನು ನಂಬುತ್ತೇವೆ" ಅಂತಷ್ಟೇ ಇತ್ತು. ಆವತ್ತಿನಿಂದ ಅಳತೆ ಬಂದ ಕಡೆಯೆಲ್ಲ ನಾನು ನಿಂತು ಲೆಕ್ಕ ಮಾಡುತ್ತೇನೆ.

ಅಂದಾಜಿನ ಸಾಮಾನು ಹಿಡಿದು ಅಳೆಯುವ ವಿಷಯ ಬರೆಯುವಾಗ ಮಾತು ಅಂದಾಜಿನದಾಗಬಾರದು. ಫೀಲರ್ ಗೇಜಿನ ಮೇಲೆ ಸಂಖ್ಯೆ ಕೊರೆದಿರುತ್ತದೆ. ಬ್ಲೇಡಿನ ಮೇಲೆ, ಕಾಗದದ ಮೇಲೆ ಕೊರೆದಿರುವುದಿಲ್ಲ, ಅದನ್ನು ನೀವು ಬರೆಯಬೇಕು. ನೀವೋ "ಒಂದು ದಪ್ಪ ಕಾಗದ", "ತೆಳ್ಳನೆಯ ತಗಡು", "ಸ್ವಲ್ಪ ಬಿಗಿ" ಅಂತ ಬರೆದಿದ್ದೀರಿ. ಯಾವ ಕಾಗದ? ಎಷ್ಟು ದಪ್ಪ? ಜೆರಾಕ್ಸ್ ಕಾಗದವಾದರೆ ಒಂದು ಹಾಳೆ ಹತ್ತಿರ ಹತ್ತಿರ 0.1. ಗೊತ್ತಿಲ್ಲದ ಕಾಗದವಾದರೆ ಕಂಡುಕೊಳ್ಳುವ ದಾರಿ ಶಾಲೆ ಮಕ್ಕಳಿಗೂ ಗೊತ್ತು: ನೂರು ಹಾಳೆ ಒತ್ತಿ ಹಿಡಿದು ಸ್ಕೇಲಿನಲ್ಲಿ ಅಳೆದು ನೂರರಿಂದ ಭಾಗಿಸುವುದು. ಪುಸ್ತಕವಾದರೆ ಇನ್ನೂರು ಪುಟಕ್ಕೆ ನೂರು ಹಾಳೆ, ಅದನ್ನು ಮರೆತರೆ ಉತ್ತರ ಅರ್ಧ ಆಗುತ್ತದೆ. ಇದನ್ನು ಲೇಖನದಲ್ಲಿ ಹಾಕಿ. ಮನೆಯಲ್ಲಿ ದಪ್ಪ ಅಳೆಯುವ ವರ್ನಿಯರ್ ಇಲ್ಲದವರಿಗೆ ಇದೇ ವರ್ನಿಯರ್.

ಬ್ಲೇಡಿಗೂ ಒಂದೆರಡು ಮಾತು ಬೇಕು. ಅಂಚಿನ ಕಡೆ ಅದು ಮಸೆದು ತೆಳ್ಳಗಾಗಿರುತ್ತದೆ, 0.1 ಇರುವುದು ನಡುವಿನ ಸಪಾಟು ಭಾಗದಲ್ಲಿ ಮಾತ್ರ, ಹಾಗಾಗಿ ಅಂಚು ಸಂದಿಗೆ ಹೋಯಿತು ಅಂದರೆ ಏನೂ ಗೊತ್ತಾದಂತಲ್ಲ. ಅಂಚನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡದೆ ಕೈ ಹಾಕಿದರೆ ಬೆರಳು ಹೋಗುತ್ತದೆ, ಅದನ್ನೂ ಬರೆಯಿರಿ. ಇನ್ನೊಂದು: ಬ್ಲೇಡು ಪೂರ್ತಿ ಸಂಖ್ಯೆ ಹೇಳುವುದಿಲ್ಲ. ಹಳೇ ಮಾರುತಿ 800ಕ್ಕೆ ಎಂಜಿನ್ ತಣ್ಣಗಿದ್ದಾಗ 0.15ರ ಆಸುಪಾಸು ಇಡುತ್ತಾರೆ. ಅಲ್ಲಿ ಒಂದು ಬ್ಲೇಡು ಹೋಗುತ್ತದೆ, ಎರಡು ಹೋಗುವುದಿಲ್ಲ. ಅಷ್ಟರಿಂದ ಗೊತ್ತಾಗುವುದು ಸಂದು 0.1ಕ್ಕೂ 0.2ಕ್ಕೂ ನಡುವೆ ಇದೆ ಅಂತ, ಅದಕ್ಕಿಂತ ಜಾಸ್ತಿ ಇಲ್ಲ. ಮನೆ ತಲುಪುವಷ್ಟಕ್ಕೆ ಅದು ಸಾಕು. ಆದರೆ "ನಿಖರವಾಗಿ ಅಳೆಯಬಹುದು" ಅಂತ ನೀವು ಬರೆದಿದ್ದೀರಲ್ಲ, ಆ ನಿಖರ ಅನ್ನುವ ಪದ ತೆಗೆಯಿರಿ.

ಸಿಗರೇಟು ಕಾಗದದ ಪ್ಯಾರಾ ಪೂರ್ತಿ ಕಲಸಿಹೋಗಿದೆ. ಅದರಿಂದ ಪಾಯಿಂಟ್ ಗ್ಯಾಪ್, ಅಂದರೆ ಕಿಡಿ ಹಾರಿಸಲು ಕರೆಂಟು ಕಡಿಯುವ ಎರಡು ತುದಿಗಳ ನಡುವಿನ ಸಂದು, ಅಳೆಯುವುದಿಲ್ಲ. ಹಳೇ ಬುಲೆಟ್ಟಿನ ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ., ಸಿಗರೇಟು ಕಾಗದ ಒಂದು ಥೌ ಆಸುಪಾಸು, ಅಲ್ಲಿ ಗಾಳಿಯ ಹಾಗೆ ಓಡಾಡುತ್ತದೆ. ಆ ಕಾಗದ ಬೇಕಾಗುವುದು ಟೈಮಿಂಗ್‌ಗೆ, ಅಂದರೆ ಕಿಡಿ ಯಾವ ಕ್ಷಣಕ್ಕೆ ಹಾರುತ್ತದೆ ಅಂತ ನೋಡಲು. ಪಾಯಿಂಟಿನ ನಡುವೆ ಇಟ್ಟು ಮೆಲ್ಲಗೆ ಎಳೆಯುತ್ತಾ ಎಂಜಿನ್ ತಿರುಗಿಸಬೇಕು. ಪಾಯಿಂಟ್ ಬಿಡುವ ಆ ಕ್ಷಣಕ್ಕೆ ಕಾಗದ ಬೆರಳಿಗೆ ಜಾರಿ ಬರುತ್ತದೆ. ಮೈಸೂರಿನಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳು ತಯಾರಾಗುತ್ತಿದ್ದವು, ಅವನ್ನು ಇವತ್ತಿಗೂ ಇಟ್ಟುಕೊಂಡವರು ನಮ್ಮ ಓದುಗರಲ್ಲಿ ಇದ್ದಾರೆ. ಅವರು ಈ ಪ್ಯಾರಾ ಓದಿದರೆ ಮೊದಲ ಸಾಲಿಗೇ ನಿಮ್ಮನ್ನು ಹಿಡಿಯುತ್ತಾರೆ.

ಚಪಾತಿ ಹಿಟ್ಟಿನ ವಿಷಯ. ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಎಷ್ಟು ಜಾಗ ಇದೆ ಅಂತ ನೋಡಲು ಮಕ್ಕಳು ಆಡುವ ಕ್ಲೇ ಇಡುತ್ತಾರೆ, ಸರಿ. ಕ್ಲೇ ಇಲ್ಲದಿದ್ದರೆ ಚಪಾತಿ ಹಿಟ್ಟು ಆಗುತ್ತದೆ ಅಂದಿದ್ದೀರಿ. ಮನೆಯಲ್ಲಿ ಪೂರಿ ಒತ್ತಿದವರನ್ನು ಕೇಳಬೇಕಿತ್ತು. ನಾದಿದ ಗೋಧಿ ಹಿಟ್ಟು ಒತ್ತಿದಷ್ಟೂ ಹಿಂದಕ್ಕೆ ಎದ್ದುಕೊಳ್ಳುತ್ತದೆ, ಲಟ್ಟಿಸಿ ಬಿಟ್ಟ ಪೂರಿ ಮಣೆಯ ಮೇಲೇ ಚಿಕ್ಕದಾಗುವುದು ಅದಕ್ಕೇ. ಇಲ್ಲದ ಜಾಗ ಇದೆ ಅಂತ ಅದು ತೋರಿಸುತ್ತದೆ, ಆ ಮಾತು ನಂಬಿ ಎಂಜಿನ್ ಕಟ್ಟಿದರೆ ವಾಲ್ವ್ ಬಾಗುತ್ತದೆ. ಕ್ಲೇ ಹಾಗಲ್ಲ, ಒತ್ತಿದ ಹಾಗೇ ಉಳಿಯುತ್ತದೆ. ಅಂಟಿಕೊಳ್ಳದಂತೆ ವಾಲ್ವಿಗೆ ಎಣ್ಣೆ ಸವರಿ, ಹಳೇ ಗ್ಯಾಸ್ಕೆಟ್ಟೇ ಹಾಕಿ ಹೆಡ್ ಬಿಗಿದು, ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ, ಬ್ಲೇಡಿನಿಂದ ಅಡ್ಡ ಕೊಯ್ದರೆ ತೆಳ್ಳಗಿರುವ ಜಾಗವೇ ಉತ್ತರ. ತಿರುಗಿಸುವಾಗ ಎಲ್ಲಾದರೂ ತಡೆದರೆ ಒತ್ತಾಯ ಮಾಡಬಾರದು. ಈ ಕೊನೆಯ ಮಾತು ನಿಮ್ಮಲ್ಲಿ ಇಲ್ಲವೇ ಇಲ್ಲ.

ಸೀಸದ ತಂತಿಯ ಪ್ಯಾರಾ ಚೆನ್ನಾಗಿದೆ. ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಜಾಗ ನೋಡಲು ಬೆಸುಗೆ ತಂತಿ ಪಿಸ್ಟನ್ ತಲೆಯ ಮೇಲಿಟ್ಟು ಚಪ್ಪಟೆಯಾದದ್ದನ್ನು ಅಳೆಯುವುದು, ಎರಡೂ ಪಕ್ಕ ಇಡಬೇಕು ಅನ್ನುವುದನ್ನೂ ಹೇಳಿದ್ದೀರಿ. ಪಿಸ್ಟನ್ ಪಿನ್ ಇರುವ ನೇರಕ್ಕೇ ಇಡಬೇಕು ಅಂತ ಸೇರಿಸಿ, ಇಲ್ಲದಿದ್ದರೆ ಪಿಸ್ಟನ್ ಒಂದು ಕಡೆ ವಾಲಿ ಅಳತೆ ತಪ್ಪುತ್ತದೆ.

ಪಿಸ್ಟನ್ನಿನ ರಾಡು ಕ್ರ್ಯಾಂಕ್ ಶಾಫ್ಟನ್ನು ಹಿಡಿಯುವ ಬಿಗ್ ಎಂಡ್ ಬೇರಿಂಗಿಗೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಸಂದು ತುಂಬಿಸಿ ಗಾಡಿ ಓಡಿಸಿದ ಕಥೆ ಮಾತ್ರ ದಯವಿಟ್ಟು ತೆಗೆದುಹಾಕಿ. ಅದು ಅಳತೆ ಅಲ್ಲ, ರಿಪೇರಿಯೂ ಅಲ್ಲ. ಅಲ್ಲಿ ಇರಬೇಕಾದ ಸಂದು, ಶಾಫ್ಟಿನ ಒಂದು ಇಂಚು ದಪ್ಪಕ್ಕೆ ಒಂದು ಥೌ ಅನ್ನುವುದು ಹಳಬರ ಲೆಕ್ಕ. ಆ ಕೂದಲಿನಷ್ಟೂ ಇಲ್ಲದ ಜಾಗದಲ್ಲಿ ಎಣ್ಣೆ ನಿಂತು ಎಂಜಿನ್ನಿನ ಭಾರ ಹೊರುತ್ತದೆ. ಕಾಗದದ ಚೂರು ಎಣ್ಣೆಯ ದಾರಿಗೆ ಅಡ್ಡ ಬಂದರೆ ಬೇರಿಂಗ್ ಹಿಡಿದುಕೊಳ್ಳುತ್ತದೆ. ಎಲ್ಲಿ ಮನೆಯ ಸಾಮಾನು ಸಾಕು, ಎಲ್ಲಿ ಸಾಲದು ಅಂತ ಹೇಳುವ ಧೈರ್ಯ ಬರೆಯುವವರಿಗೆ ಬೇಕು. ನಿಮ್ಮ ಚಿಕ್ಕಪ್ಪ ಆ ಕೆಲಸ ಮಾಡಿದ್ದನ್ನು ನೀವು ನೋಡಿಲ್ಲ ಅನ್ನಿಸುತ್ತದೆ, ಯಾಕೆಂದರೆ ಆ ಭಾಗದಲ್ಲಿ ಒಂದು ಸ್ಪ್ಯಾನರಿನ ನಂಬರೂ ಇಲ್ಲ, ಒಂದು ವಾಸನೆಯೂ ಇಲ್ಲ. ಕೇಳಿದ ಕಥೆ ಓದುವಾಗ ಹಾಗೇ ಗೊತ್ತಾಗುತ್ತದೆ.

ಅದರ ಜಾಗಕ್ಕೆ ಬೇಕಾದರೆ ಹಳೇ ಬುಲೆಟ್ಟಿನಲ್ಲಿ ರಾಕರನ್ನು ಕೆಳಗಿನಿಂದ ತಳ್ಳುವ ಪುಶ್ ರಾಡ್ ತನ್ನಿ. ಅಲ್ಲಿ ಬ್ಲೇಡೂ ಬೇಡ. ಎಂಜಿನ್ ತಣ್ಣಗಿರುವಾಗ ಪಕ್ಕದ ಮುಚ್ಚಳ ತೆಗೆದು, ರಾಡನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದರೆ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಅಲ್ಲಾಡಬಾರದು. ಲಾಕ್ ನಟ್ ಬಿಗಿಯುವಾಗ ಸೆಟ್ಟಿಂಗ್ ಒಂಚೂರು ಕದಲುತ್ತದೆ, ಆದ್ದರಿಂದ ಬಿಗಿದ ಮೇಲೆ ಇನ್ನೊಮ್ಮೆ ತಿರುಗಿಸಿ ನೋಡಬೇಕು. ಬೆರಳೇ ಗೇಜು. ನಿಮ್ಮ ವಿಷಯಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ, ನೀವೇ ಒಂದು ಸಲ ಮಾಡಿ ನೋಡಿ ಬರೆದರೆ ಅದು ಬರುತ್ತದೆ.

ಭಾಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. "ಅಂತರವನ್ನು ಪರಿಶೀಲನೆಗೆ ಒಳಪಡಿಸಲಾಯಿತು" ಅಂತ ಬರೆದಿದ್ದೀರಿ. ಚಿಕ್ಕಪ್ಪ ಸಂದು ನೋಡಿದರು, ಅಷ್ಟೇ ಅಲ್ವಾ? ಅವರು ಗೇಜು, ಟೈಟು, ಲೂಸು ಅಂದಿದ್ದರೆ ಹಾಗೇ ಬಿಡಿ, ಸೂಕ್ಷ್ಮ ಮಾಪಕ ಮಾಡಬೇಡಿ. ಉಳಿದಂತೆ ನಿಮ್ಮ ಕಿವಿ ಚೆನ್ನಾಗಿದೆ.

ತಿದ್ದಿದ ಪ್ರತಿ ಕಳಿಸಿ, ಐದು ಪುಟಕ್ಕಿಂತ ಜಾಸ್ತಿ ಬೇಡ, ನಾನು ಕಾಯುತ್ತೇನೆ. ಅದಕ್ಕೂ ಮೊದಲು ಚಿಕ್ಕಪ್ಪನಿಗೆ ಒಂದು ಫೋನ್ ಮಾಡಿ. ಟ್ಯಾಕ್ಸಿ ಸಂಜೆ ಬಂತು ಅಂತ ಬರೆದಿದ್ದೀರಿ, ಅಂದರೆ ದಿನವಿಡೀ ಓಡಿದ ಎಂಜಿನ್, ಕೈ ಇಡಲಾರದಷ್ಟು ಬಿಸಿ ಇರುತ್ತದೆ. ಅವರು ಹಾಗೇ ಬ್ಲೇಡು ತೂರಿಸಿದರಾ, ಆರಲು ಬಿಟ್ಟರಾ? ಬಿಟ್ಟಿದ್ದರೆ ಅಷ್ಟು ಹೊತ್ತು ಆ ಡ್ರೈವರು, ಚಿಕ್ಕಪ್ಪ, ನೀವು ಮೂವರೂ ಏನು ಮಾಡುತ್ತಾ ಕೂತಿದ್ದಿರಿ?